ನಾಲ್ಕು ಜನ ಮೆಚ್ಚಬೇಕೆಂಬ ಹಂಬಲ



"ನಾಲ್ಕು ಜನ ಏನೆಂದಾರು?" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಸಮಾಜಜೀವಿಯಾದ ಮಾನವನಿಗೆ ಇತರರ ಮನ್ನಣೆ ಬೇಕು. ಈ ಬಯಕೆ ಸಹಜವಾದುದು. ಅನೇಕ ವೇಳೆ ನಮ್ಮನ್ನು ತಪ್ಪುದಾರಿಯಿಂದ ತಡೆಯುವುದೂ ಅದೇ. ಆದರೆ ಕಾವಲುಗಾರನೇ ಒಡೆಯನಾಗಿ ಕುಳಿತರೆ ಮನೆಯ ಗತಿಯೇನು?

ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಷ್ ಅವರು 1951ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ನೆನೆಯಬಹುದು. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದುದು ಯಾವುದೆಂದು ವಿದ್ಯಾರ್ಥಿಗಳ ಗುಂಪನ್ನು ಕೇಳಲಾಯಿತು. ಉತ್ತರ ಕಣ್ಣಿಗೆ ಸ್ಪಷ್ಟವಾಗಿತ್ತು. ಆದರೆ ಒಬ್ಬನನ್ನುಳಿದು ಮಿಕ್ಕವರೆಲ್ಲರೂ, ಮೊದಲೇ ಗೊತ್ತುಮಾಡಿಕೊಂಡಿದ್ದಂತೆ, ಹಲವು ಸಲ ಒಂದೇ ತಪ್ಪು ಉತ್ತರವನ್ನು ನುಡಿದರು. ಏನೂ ಅರಿಯದೆ ಹೀಗೆ ಪರೀಕ್ಷೆಗೊಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಒಮ್ಮೆಯಾದರೂ ಗುಂಪಿನೊಡನೆ ತಪ್ಪನ್ನೇ ನುಡಿದರು.

ಕೇವಲ ಗೆರೆಯೊಂದರ ವಿಷಯದಲ್ಲಿ ಹೀಗಾದರೆ, ನೆಂಟರಿಷ್ಟರ ಎದುರಿನಲ್ಲಿ, ಮಗಳ ಮದುವೆಯ ವಿಷಯದಲ್ಲಿ ಹೇಗಾದೀತು? ವರದಕ್ಷಿಣೆ ಕೊಡುವುದೂ ಪಡೆಯುವುದೂ ಅಪರಾಧವೆಂದು 1961ರಲ್ಲಿಯೇ ಕಾಯಿದೆಯಾಯಿತು. ಆದರೂ ಆ ಪಿಡುಗು ಅಳಿದಿಲ್ಲ. ತನ್ನ ಶಕ್ತಿಯೆಷ್ಟು, ಸಾಲದ ಬಡ್ಡಿಯೆಷ್ಟು ಎಂಬುದನ್ನು ತಂದೆ ಬಲ್ಲ. ಬಲ್ಲವನಾಗಿಯೂ ಗದ್ದೆಯನ್ನು ಅಡವಿಟ್ಟು ಚಪ್ಪರ ಹಾಕಿಸುತ್ತಾನೆ. ಊಟ ಉಂಡ ನಾಲ್ಕು ಜನ ಮರುದಿನವೇ ಅದನ್ನು ಮರೆಯುತ್ತಾರೆ. ಸಾಲ ಕೊಟ್ಟವನು ಮರೆಯುವುದಿಲ್ಲ. ಇದಕ್ಕಿಂತ ಮಿಗಿಲಾದ ನಷ್ಟ ಇನ್ನೊಂದಿದೆ. ಆ ಮನೆಯ ಕಿರಿಯ ಮಗಳು ತಾನು ಹೆತ್ತವರಿಗೆ ಹೊರೆಯೆಂದು ತಿಳಿದೇ ಬೆಳೆಯುತ್ತಾಳೆ.

ಆದರೆ ಆಷ್ ಅವರ ಪ್ರಯೋಗದ ಮತ್ತೊಂದು ಭಾಗ ಭರವಸೆ ನೀಡುವಂತಹುದು. ಗುಂಪಿನಲ್ಲಿ ಇನ್ನೊಬ್ಬನು ಸರಿಯಾದ ಉತ್ತರವನ್ನು ಹೇಳತೊಡಗಿದಾಗ, ತಪ್ಪಿಗೆ ತಲೆಬಾಗುವುದು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಸತ್ಯವನ್ನು ನುಡಿಯಲು ಜೊತೆಗೊಬ್ಬನಿದ್ದರೆ ಸಾಕಾಯಿತು.

ನಮ್ಮ ಊರುಗಳಲ್ಲಿ ಆ ಒಬ್ಬರು ಯಾರಾಗಬೇಕು? ಬಡವನು ಸರಳವಾಗಿ ಮದುವೆ ಮಾಡಿದರೆ ಜನ ಅದನ್ನು ಬಡತನವೆನ್ನುತ್ತಾರೆ. ಉಳ್ಳವನು ಮಾಡಿದರೆ ಆದರ್ಶವೆನ್ನುತ್ತಾರೆ. ಆದುದರಿಂದ ಮೊದಲ ಹೆಜ್ಜೆಯನ್ನು ಇಡಬೇಕಾದವರು ಉಳ್ಳವರು. ಅವರಲ್ಲಿಯೂ ಗಂಡಿನ ಕಡೆಯವರು. ವರದಕ್ಷಿಣೆಯನ್ನು ಮುಟ್ಟದೆ ಅವರು ನಡೆಸುವ ಒಂದು ಸರಳ ವಿವಾಹ ಹತ್ತು ಮನೆಗಳ ಹೊರೆಯನ್ನು ಇಳಿಸೀತು.

ಕೊನೆಯದಾಗಿ ಒಂದು ಮಾತು. ನಾವು ಅಂಜುವ ಆ ನಾಲ್ಕು ಜನರಲ್ಲಿ ನಾವೂ ಒಬ್ಬರು. ನೆರೆಮನೆಯ ಸರಳ ಮದುವೆಯನ್ನು ಕಂಡು ಆಡಿಕೊಳ್ಳದೆ, ಮನಸಾರೆ ಹರಸಿ ಬರೋಣ. ಅಷ್ಟನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.