ನಾಯಿಗೆ ಮನೆ, ಮನೆಗೆ ನಾಯಿ

(ಬೀದಿನಾಯಿಗಳ ಆರೈಕೆಯಲ್ಲಿ ತೊಡಗಿರುವ ಯುವಜನರ ಸಭೆಯಲ್ಲಿ, ಚನ್ನಗಿರಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಪಶುವೈದ್ಯನಲ್ಲ. ಬೆಳೆ ಮತ್ತು ಕೀಟಗಳ ವಿಷಯ ಓದಿದವನು. ಘಟ್ಟದ ಕಡೆಯಿಂದ ಇಳಿದು ಬಂದವನಿಗೆ ನಾಯಿಗಳ ಬಗ್ಗೆ ಮಾತನಾಡಲು ಏನು ಅಧಿಕಾರ ಎಂದು ನೀವು ಕೇಳಬಹುದು. ನೀವು ಬೀದಿಯಿಂದ ಎತ್ತಿ ಆರೈಕೆ ಮಾಡಿದ ನಾಯಿ ಕೊನೆಗೆ ಬಾಳಬೇಕಾದುದು ಹೊಲ, ತೋಟ, ಹಟ್ಟಿಗಳ ನಡುವೆ. ಅಕಾಲದಲ್ಲಿ ಸಾಯುವುದೂ ಬಹುಮಟ್ಟಿಗೆ ಅಲ್ಲಿಯೇ. ಆ ಹೊಲ ತೋಟಗಳ ವಿಚಾರ ನನಗೆ ಸ್ವಲ್ಪ ಗೊತ್ತು.

ಈ ಮಾತಿಗೆ ಈಗ ತುರ್ತು ಒದಗಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಬಳಿಕ ಬೀದಿನಾಯಿಯನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ತಿರುಳು. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂತಹ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಬೇಕು, ಅವನ್ನು ಮರಳಿ ಅಲ್ಲಿಗೇ ಬಿಡಕೂಡದು ಎಂದು ಆದೇಶಿಸಿತು. ಅದಕ್ಕೂ ಮೊದಲು ಆಗಸ್ಟ್ 22ರ ಆದೇಶದಲ್ಲಿ, ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆಯೆಂದೂ ಹೇಳಿತ್ತು. ಎಂದರೆ, ಬಸ್ ನಿಲ್ದಾಣದ ನಾಯಿಗೆ ಆಶ್ರಯಧಾಮದ ಕಂಬಿಯ ಹೊರಗೆ ಉಳಿದಿರುವ ದಾರಿ ಒಂದೇ: ಒಂದು ಮನೆ.

ಮನೆ ಹುಡುಕುವ ಕ್ರಮವನ್ನು ನಮ್ಮಲ್ಲಿ ಹೆಚ್ಚು ರೂಢಿಸಿಕೊಂಡಿರುವುದು ಬೆಂಗಳೂರು. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು ಸ್ಥಾಪಿಸಿದ 'ಕ್ಯೂಪಾ' ಸಂಸ್ಥೆಯಿಂದ ಮೊದಲ್ಗೊಂಡು ಅಲ್ಲಿ ಹಲವು ತಂಡಗಳಿವೆ. ಅಂತಹ ತಂಡಗಳ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಅರ್ಜಿ, ಬಳಿಕ ಮಾತುಕತೆ, ಬಳಿಕ ಮನೆಯ ಭೇಟಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ. ಶಸ್ತ್ರಚಿಕಿತ್ಸೆ ಮಾಡಿಸುವ, ಸಾಕಲಾಗದಿದ್ದರೆ ತಂಡಕ್ಕೇ ಹಿಂದಿರುಗಿಸುವ ಮುಚ್ಚಳಿಕೆ. ಇದನ್ನು ಹಗುರವಾಗಿ ಕಾಣಬಾರದು. ಮರಿ ಹಾಕಿಸಿ ಮಾರಲೆಂದು ಪಡೆಯುವವರೂ, ಮುದ್ದು ತೀರಿದ ಮೇಲೆ ವರ್ತುಲ ರಸ್ತೆಯಲ್ಲಿ ಇಳಿಸಿಹೋಗುವವರೂ ಇರುವ ಊರಿನಲ್ಲಿ ಆ ಎಚ್ಚರ ಬೇಕೇ ಬೇಕು. ('777 ಚಾರ್ಲಿ' ನೋಡಿ ಅಂಥದೇ ನಾಯಿ ಬೇಕೆಂದು ಬರುವವರಿಗೆ, ಆ ಚಾರ್ಲಿ ಪಾಪಿ ತಳಿಗಾರನ ಗೂಡಿನಿಂದ ತಪ್ಪಿಸಿಕೊಂಡು ಬಂದದ್ದೆಂಬುದನ್ನು ನೆನಪಿಸಿ.)

ಆದರೆ ಅದೇ ಅರ್ಜಿಯ ನಕಲು ಮಾಡಿಸಿ ಇಲ್ಲಿ ಹಂಚಿದರೆ ಆಗುವುದೇನು? ಕಾಂಪೌಂಡ್ ಇದೆಯೇ ಎಂಬ ಪ್ರಶ್ನೆಗೆ ನ್ಯಾಮತಿಯ ತಾಂಡಾದವರು, ಜಗಳೂರಿನ ಹಟ್ಟಿಯವರು 'ಇಲ್ಲ' ಎನ್ನುತ್ತಾರೆ. ತಿಂಗಳ ವರಮಾನದ ಖಾನೆಯನ್ನು ಖಾಲಿ ಬಿಡುತ್ತಾರೆ. ತಲೆಮಾರುಗಳಿಂದ ನಾಯಿಯೊಡನೆ ಬಾಳಿದ ಮನೆಗಳು ಅನರ್ಹವಾಗಿ, ಗೇಟಿಗೆ ಸರಪಳಿ ಬಿಗಿದು ಹಗಲಿರುಳು ನಾಯಿಯನ್ನು ಕಟ್ಟಿಹಾಕುವ ಬಂಗಲೆ ಅರ್ಹವಾಗುತ್ತದೆ. ಸೋಸುವ ಜರಡಿ ಬೇಡವೆಂದಲ್ಲ. ಅದರ ಕಣ್ಣುಗಳು ಈ ನೆಲಕ್ಕೆ ತಕ್ಕವಾಗಿರಬೇಕು.

ಮೊದಲು ಕೇಳಬೇಕಾದುದು, ರಾತ್ರಿ ನಾಯಿ ಮಲಗುವುದೆಲ್ಲಿ ಎಂಬುದನ್ನು. ಚನ್ನಗಿರಿ, ನ್ಯಾಮತಿಗಳ ಅಡಿಕೆ ತೋಟದ ಒಂಟಿ ಮನೆಗಳಲ್ಲಿ ನಾಯಿಯನ್ನು ಕೇಳುವುದೇ ಕಾವಲಿಗೆ, ಅಂಗಳದ ಕಂಬಕ್ಕೆ ಕಟ್ಟಲು. ಚಿರತೆ ಓಡಾಡುವ ಕಡೆ ಕಟ್ಟಿದ ನಾಯಿಯೆಂದರೆ ಬಡಿಸಿಟ್ಟ ಊಟ. ಅದರ ರುಚಿ ಕಂಡ ಚಿರತೆ ಮತ್ತೆ ಮತ್ತೆ ಮನೆಯ ಹತ್ತಿರ ಸುಳಿಯುತ್ತದೆ. ಕೊನೆಗೆ ಬೋನು, ಗದ್ದಲ. ಕೊಟ್ಟಿಗೆಗೆ ಬಾಗಿಲಿದೆಯೇ, ರಾತ್ರಿ ಅದನ್ನು ಹಾಕುವರೇ ಎಂಬುದು ಕಾಂಪೌಂಡಿಗಿಂತ ಮುಖ್ಯ.

ಎರಡನೆಯದು ವಿಷ. ಇದು ನನ್ನ ಕ್ಷೇತ್ರವಾದ್ದರಿಂದ ತುಸು ಬಿಡಿಸಿ ಹೇಳುವೆ. 2018ರಲ್ಲಿ ಕರ್ನಾಟಕದ ಮೆಕ್ಕೆಜೋಳಕ್ಕೆ ಹೊಸ ಸೈನಿಕ ಹುಳು ಬಿದ್ದಾಗ ಅದರ ಹತೋಟಿಗೆ ನಾವು ಶಿಫಾರಸು ಮಾಡಿದ ಕ್ರಮಗಳಲ್ಲಿ ವಿಷಪಾಷಾಣವೂ ಒಂದು: 10 ಕಿಲೋ ಅಕ್ಕಿ ತವುಡು, 2 ಕಿಲೋ ಬೆಲ್ಲ, 2-3 ಲೀಟರ್ ನೀರು ಕಲಸಿ ಇಡೀ ದಿನ ಹುಳಿಯಿಟ್ಟು, ಹೊಲಕ್ಕೆ ಹಾಕುವ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸುವುದು. ಹುಳುವಿಗೆ ಹಿಡಿಸುವ ಆ ಸಿಹಿ ವಾಸನೆ ನಾಯಿಗೂ ಹಿಡಿಸುತ್ತದೆ. ತಿಂದರೆ ಜೊಲ್ಲು, ನಡುಕ, ಸೆಳೆತ. ಪಶುವೈದ್ಯರಲ್ಲಿಗೆ ಮುಟ್ಟಿಸುವಷ್ಟು ಸಮಯ ಸಿಗುವುದು ಅಪರೂಪ. ಅಡಿಕೆ ತೋಟದ ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯೂ ನಾಯಿಗೆ ಮಾರಕ. ಹೊನ್ನಾಳಿಯ ಭತ್ತದ ಗದ್ದೆಗಳಲ್ಲಿ ಇಲಿಗೆಂದು ಇಡುವ ಜಿಂಕ್ ಫಾಸ್ಫೈಡ್ ಕೂಡ ಹಾಗೆಯೇ. ಆದ್ದರಿಂದ ಮನೆ ನೋಡಲು ಹೋದವರು ಪಡಸಾಲೆಯಲ್ಲಿ ಕುಳಿತು ಕಾಫಿ ಕುಡಿದು ಬರಬಾರದು. ಔಷಧಿ ಡಬ್ಬಗಳನ್ನು ಎಲ್ಲಿಡುತ್ತಾರೆ, ಪಾಷಾಣ ಕಲಸುವುದು ಯಾವ ಪಾತ್ರೆಯಲ್ಲಿ, ಆ ದಿನಗಳಲ್ಲಿ ನಾಯಿಯನ್ನು ಕಟ್ಟಿಹಾಕುವವರು ಯಾರು ಎಂಬುದನ್ನು ಹಿತ್ತಿಲವರೆಗೂ ನಡೆದು ನೋಡಬೇಕು. ಇಂಥ ಪ್ರಶ್ನೆಯಿಂದ ಯಾವ ರೈತನೂ ಮುನಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಮಕ್ಕಳೂ ಇರುತ್ತಾರಲ್ಲ.

ಜಗಳೂರಿನ ಮಾತು ಬೇರೆ. ಅಲ್ಲಿ ಕುರಿಗಾಹಿಗಳು ಕೇಳಿದರೆಂದು ಬಸ್ ನಿಲ್ದಾಣದಲ್ಲಿ ಬೆಳೆದ ಮೂರು ವರ್ಷದ ನಾಯಿಯನ್ನು ಕೊಟ್ಟರೆ ಅದು ಕುರಿಯನ್ನು ಕಾಯುವ ಬದಲು ಅಟ್ಟಿಸಿಕೊಂಡು ಹೋದೀತು. ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಅವಧಿಯಲ್ಲಿ ಮರಿ ಯಾರ ಜೊತೆ ಬೆಳೆಯುತ್ತದೆಯೋ ಅವರನ್ನು ತನ್ನವರೆಂದು ತಿಳಿಯುತ್ತದೆ. ಹಾಗೆಂದು ತಾಯಿಯ ಮಡಿಲಿಂದ ಎಂಟು ವಾರಕ್ಕೆ ಮೊದಲೇ ಕಿತ್ತುಕೊಡಬಾರದು. ಎಂಟು ವಾರ ತುಂಬಿದ ಮರಿ ಹಟ್ಟಿಗೆ. ನಿಲ್ದಾಣದ ಜನಜಂಗುಳಿಗೆ ಒಗ್ಗಿದ ಮಧ್ಯವಯಸ್ಸಿನ ಶಾಂತ ನಾಯಿ ಪೇಟೆಯ ಓಣಿಯ ಮನೆಗೆ. ಇನ್ನೊಂದು ವಿಚಾರವಿದೆ. 2011ರಲ್ಲಿ ಘೋಷಿತವಾದ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಇರುವುದು ಆ ತಾಲ್ಲೂಕಿನಲ್ಲಿಯೇ. ಅದರ ಅಂಚಿನ ಊರುಗಳಲ್ಲಿ ಅಡ್ಡಾಡಿ ಬೇಟೆಯಾಡುವ ಸ್ವಭಾವದ ನಾಯಿಯನ್ನು, ಎಷ್ಟೇ ಒಳ್ಳೆಯ ಮನೆಯಾದರೂ, ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಲಸಿಕೆ ಹಾಕದೆ ಅಂತೂ ಯಾವುದನ್ನೂ ಕೊಡಲಾಗದು: 2018ರಲ್ಲಿ ಗಿರ್ ಅರಣ್ಯದಲ್ಲಿ ಸತ್ತ ಸಿಂಹಗಳಲ್ಲಿ ಕೆಲವಕ್ಕೆ ತಗುಲಿದ್ದುದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಾಣು.

ತಾಂಡಾಗಳ ಹಲವು ಕುಟುಂಬಗಳು ಕಬ್ಬು ಕಡಿಯಲು, ಕಾಫಿ ಕೊಯ್ಲಿಗೆ ಗುಳೆ ಹೋಗುತ್ತವೆ. ಅದನ್ನೇ ನೆಪಮಾಡಿ ಅವರನ್ನು ಕೈಬಿಡುವುದು ಅನ್ಯಾಯ. ಆ ತಿಂಗಳುಗಳಲ್ಲಿ ಅನ್ನ ಹಾಕುವ ಅಜ್ಜಿಯೋ ನೆರೆಯವರೋ ಇದ್ದರೆ ಅವರ ಹೆಸರನ್ನೂ ಅರ್ಜಿಯಲ್ಲಿ ಬರೆಯಿರಿ. ದತ್ತು ಇಬ್ಬರ ಹೆಸರಿನಲ್ಲಿರಲಿ.

ಹೆಣ್ಣುಮರಿಯನ್ನು ಯಾರೂ ಕೇಳುವುದಿಲ್ಲ. 'ಮರಿ ಹಾಕುತ್ತೆ ಸಾರ್' ಎನ್ನುತ್ತಾರೆ. ಆ ಭಯ ಸಹಜವಾದುದೇ. ಬೆಳೆದ ಹೆಣ್ಣುನಾಯಿಯನ್ನು ಶಸ್ತ್ರಚಿಕಿತ್ಸೆಯಾದ ಮೇಲೆಯೇ ಕೊಡಿ. ಚಿಕ್ಕ ಮರಿಯಾದರೆ ದಿನಾಂಕ ಗೊತ್ತುಮಾಡಿ, ಕರೆದೊಯ್ಯುವ ವಾಹನದ ಹೊಣೆ ತಂಡದ್ದೆಂದು ಬರೆದುಕೊಡಿ.

ಕೊಟ್ಟ ಬಳಿಕ ಮೂರು ಸಲ ಹೋಗಿಬನ್ನಿ. ಮೂರನೆಯ ದಿನ ಒಮ್ಮೆ, ಏಕೆಂದರೆ ಹಳೆಯ ಜಾಗ ಹುಡುಕಿ ಓಡಿಹೋಗುವ ಸಾಧ್ಯತೆ ಮೊದಲ ದಿನಗಳಲ್ಲಿಯೇ ಹೆಚ್ಚು. ತಿಂಗಳಿಗೊಮ್ಮೆ, ಮುಂದಿನ ಲಸಿಕೆಯ ನೆಪದಲ್ಲಿ. ಮೂರನೆಯದಕ್ಕೆ ಪಂಚಾಂಗ ಬೇಡ, ಬೆಳೆ ನೋಡಿದರೆ ಸಾಕು: ಮುಂಗಾರಿನ ಮೆಕ್ಕೆಜೋಳ ಮೊಳಕಾಲೆತ್ತರಕ್ಕೆ ಬಂದು, ಊರಿನಲ್ಲಿ ತವುಡು ಬೆಲ್ಲ ಕಲಸಲು ಶುರುಮಾಡಿದ ವಾರ.