ನೆಲ ಬಿಡದ ಪೈಲ್ವಾನ



ನೀವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಊರಿನವರೇ ಆಗಿರಿ, ಕುಸ್ತಿಯೆಂದರೆ ಗರಡಿಯ ಕೆಮ್ಮಣ್ಣು, ತೊಡೆ ತಟ್ಟುವ ಸದ್ದು ನೆನಪಾದೀತು. ಆದರೆ 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಡೆದದ್ದೇ ಬೇರೆ. ಗಾಮಾ ಪೈಲ್ವಾನರ ಎದುರಾಳಿ, ಪೋಲೆಂಡಿನ ಜಿಬಿಸ್ಕೋ, ಎರಡೂವರೆ ಗಂಟೆ ಬಹುತೇಕ ನೆಲಕ್ಕಂಟಿಕೊಂಡೇ ಇದ್ದರು. ಪಂದ್ಯ ಸಮವಾಯಿತು, ಸಪ್ಪೆಯೂ ಆಯಿತು.

ಕಾರಣ ಸರಳ. ಗುರುತ್ವಕೇಂದ್ರ ತಗ್ಗಿ, ಆಧಾರ ಅಗಲವಾದಷ್ಟೂ ದೇಹವನ್ನು ಮಗುಚುವುದು ಕಷ್ಟ. ಇಂದಿನ ಒಲಿಂಪಿಕ್ ಕುಸ್ತಿಯಲ್ಲಾದರೆ ಹೋರಾಡದವನ ಎದುರಾಳಿಗೆ ಅಂಕ ಸಿಗುತ್ತದೆ.

ವಾರದ ನಂತರದ ಮರುಪಂದ್ಯಕ್ಕೆ ಜಿಬಿಸ್ಕೋ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಎದುರಾದಾಗ ಗಾಮಾ ಒಂದು ನಿಮಿಷದೊಳಗೇ ಗೆದ್ದರು. ಭಯವು ಸೋಲನ್ನು ಮುಂದೂಡಿತ್ತು, ಅಷ್ಟೆ.

ತಪ್ಪಾದೀತೆಂದು ತರಗತಿಯಲ್ಲಿ ಕೈಯೆತ್ತದೆ ಕೂರುವಾಗ ಈ ಪಂದ್ಯ ನಿಮಗೆ ನೆನಪಿರಲಿ.