ಚಿತ್ರ ಹಂಚುವವರ ಹೊಣೆ

ಕುಣಿಗಲ್ ಬಳಿಯ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದರೆ ಅದರ ಚಿತ್ರಗಳು ತುಮಕೂರಿನ ಪತ್ರಿಕಾ ಕಚೇರಿಗಳಿಗಿಂತ ಮೊದಲೇ ಗುಬ್ಬಿಯ ವಾಟ್ಸಾಪ್ ಗುಂಪುಗಳನ್ನು ತಲುಪಬಲ್ಲ ಈ ಕಾಲದಲ್ಲಿ, ಸುದ್ದಿಯನ್ನು ಚಿತ್ರದ ಮೂಲಕ ಹೇಳುವ ಛಾಯಾಪತ್ರಿಕೋದ್ಯಮದ ಹೊಣೆ ಕ್ಯಾಮೆರಾ ಹಿಡಿದ ಪತ್ರಕರ್ತನೊಬ್ಬನದಾಗಿ ಉಳಿದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ಅಪರಾಧಕ್ಕೆ ತುತ್ತಾದ ಮಗುವಿನ ಗುರುತು ಸಿಗುವಂತಹ ಚಿತ್ರವನ್ನು ಪತ್ರಿಕೆಯಲ್ಲಷ್ಟೇ ಅಲ್ಲದೆ ಇತರ ಸಂವಹನ ಮಾಧ್ಯಮಗಳಲ್ಲಿಯೂ ಪ್ರಕಟಿಸುವುದನ್ನು ನಿಷೇಧಿಸಿ, ಆರು ತಿಂಗಳವರೆಗಿನ ಸೆರೆವಾಸ, 2 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಅವಕಾಶ ನೀಡಿದೆ. ಫಾರ್ವರ್ಡ್ ಮಾಡುವವರಲ್ಲಿ ಇದನ್ನು ಅರಿತವರು ವಿರಳ. ರಕ್ತ ಕಾಣದ ಚಿತ್ರ ಸಪ್ಪೆ ಎನ್ನುವವರು ಮೈಸೂರಿನ ಛಾಯಾಪತ್ರಕರ್ತ ಟಿ.ಎಸ್. ಸತ್ಯನ್ (1923–2009) ಅವರನ್ನು ಗಮನಿಸಬೇಕು: ಸಾಮಾನ್ಯರ ಘನತೆಗೆ ಕುಂದು ತಾರದೆ ಅವರು ತೆಗೆದ ಮಕ್ಕಳ ಚಿತ್ರಗಳು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.